‘ಸಾಕಾಯ್ತು’ ಅನ್ನುವ ದಿನಗಳಲ್ಲಿ ‘ಸಾಕು’ ಅನ್ನಲು ಕಲಿಯುವುದು ಹೇಗೆ?

ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಬಳಿ ಯಾರನ್ನಾದರೂ ‘ಹೇಗಿದ್ದೀರಿ?’ ಎಂದು ಕೇಳಿ ನೋಡಿ. ‘ದೇವರ ಕೃಪೆಯಿಂದ ಚೆನ್ನಾಗಿದ್ದೇವೆ’ ಎಂಬ ಉತ್ತರ ಮೊದಲು ಬರುತ್ತದೆ. ಅವರ ಜೊತೆ ಸ್ಕೂಟರ್ ನಿಲ್ಲಿಸಿದ ಜಾಗದವರೆಗೆ ನಡೆದು ಹೋದರೆ ಎರಡನೇ ಉತ್ತರ ಸಿಗುತ್ತದೆ: ‘ಅಯ್ಯೋ, ಸಾಕಾಗಿ ಹೋಗಿದೆ ಕಣ್ರೀ.’ ನಾನೂ ಬಹಳ ವರ್ಷ ಆ ಎರಡು ಉತ್ತರಗಳನ್ನು ಅದೇ ಅನುಕ್ರಮದಲ್ಲಿ ಕೊಟ್ಟವಳೇ.

ನಮ್ಮ ಭಾಷೆಯಲ್ಲಿ ‘ಸಾಕು’ ಒಂದು ವಿಚಿತ್ರ ಪದ. ಊಟದ ಎಲೆಗೆ ಕೈ ಅಡ್ಡ ಹಿಡಿದು ‘ಸಾಕು’ ಅಂದರೆ ಹೊಟ್ಟೆ ತುಂಬಿದೆ ಎಂದರ್ಥ. ‘ಸಾಕಾಯ್ತು’ ಅಂದರೆ ಜೀವ ಸೋತಿದೆ. ‘ಇವಳನ್ನು ಅಜ್ಜಿಯೇ ಸಾಕಿದ್ದು’ ಅಂದರೆ ಉಣಿಸಿ, ಉಡಿಸಿ, ಬೆಳೆಸಿದ್ದು. ವ್ಯಾಕರಣ ಬಲ್ಲವರು ಇವನ್ನು ಬೇರೆ ಬೇರೆ ಎಂದು ವಿಂಗಡಿಸಿಯಾರು. ನನಗೆ ಮಾತ್ರ ಮೂರೂ ಒಂದೇ ಮನೆಯ ಪದಗಳಾಗಿ ಕೇಳಿಸುತ್ತವೆ. ಸತ್ಯವೇದದ 23ನೇ ಕೀರ್ತನೆ ಶುರುವಾಗುವುದೇ ಹಾಗೆ: ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’ ಸಾಕುವವನು ಇದ್ದಾನೆ, ಹಾಗಾಗಿ ಸಾಕು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಇದನ್ನು ದಿನದ ಗಡಿಬಿಡಿಯಲ್ಲಿ ಬದುಕುವುದು ಹೇಗೆ ಅನ್ನುವುದಕ್ಕೆ ಕೆಲವು ಹೆಜ್ಜೆಗಳಿವೆ. ನಾನು ಮಾಡಿ ನೋಡಿದವು, ಕೆಲವನ್ನು ಕೆಡಿಸಿ ಕಲಿತವು.

ನನ್ನ ಬಗ್ಗೆ ಒಂದೆರಡು ಮಾತು. ಉಡುಪಿ ಕಡೆಯ ಬಾಸೆಲ್ ಮಿಶನ್ ಮೂಲದ ಕುಟುಂಬ, ಈಗ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ. ತಿಂಗಳ 11 ಮತ್ತು 20ನೇ ತಾರೀಖು ಹತ್ತಿರ ಬಂದರೆ ಜಿಎಸ್‌ಟಿ ರಿಟರ್ನ್ಸ್ ಬಿಟ್ಟು ಬೇರೇನೂ ಕಣ್ಣಿಗೆ ಬೀಳದು. ಇಬ್ಬರು ಮಕ್ಕಳು, ಊರಲ್ಲಿ ವಯಸ್ಸಾದ ಅತ್ತೆ, ಒಂದು ಮನೆ ಸಾಲ.

ಕಲಿತದ್ದು ಅನ್ನುತ್ತಾನೆ ಪೌಲ

ಹೆಜ್ಜೆಗಳಿಗೆ ಮೊದಲು ಒಂದು ಪತ್ರ ಓದೋಣ. ಫಿಲಿಪ್ಪಿಯ ಸಭೆಗೆ ಅಪೊಸ್ತಲ ಪೌಲ ಬರೆದದ್ದು ಸೆರೆಯಿಂದ. ಆ ಸಭೆಯವರು ಎಪಫ್ರೊದೀತನ ಕೈಯಲ್ಲಿ ಅವನಿಗೆ ಸಹಾಯ ಕಳುಹಿಸಿದ್ದರು. ಪತ್ರದ ಕೊನೆಯ ಅಧ್ಯಾಯ ಆ ಸಹಾಯ ತಲುಪಿದ್ದಕ್ಕೆ ಕೊಟ್ಟ ರಸೀದಿಯ ಹಾಗಿದೆ. ಹಾಗೆಂದು ನಾನು ತಮಾಷೆಗೆ ಹೇಳುತ್ತಿಲ್ಲ. 18ನೇ ವಚನದಲ್ಲಿ ‘ನನಗೆ ಬೇಕಾದದ್ದೆಲ್ಲ ಸಿಕ್ಕಿದೆ’ ಎಂಬ ಅರ್ಥದಲ್ಲಿ ಬರುವ ‘ಅಪೆಖೊ’ ಎಂಬ ಗ್ರೀಕ್ ಪದವನ್ನು ಆ ಕಾಲದ ವ್ಯಾಪಾರಿಗಳು ರಸೀದಿಯ ಮೇಲೆ ಬರೆಯುತ್ತಿದ್ದರು: ಪೂರ್ತಿ ಸಂದಿದೆ. ದಿನವಿಡೀ ‘ಬಾಕಿ’ ಎಂಬ ಕಾಲಮ್ ನೋಡುವ ನನಗೆ ಇದನ್ನು ಮೊದಲು ತಿಳಿದಾಗ ಮೈ ಜುಮ್ಮೆಂದಿತು. ಸೆರೆಯಲ್ಲಿ ಕೂತವನು ತನ್ನ ಖಾತೆಯಲ್ಲಿ ಬಾಕಿ ಏನೂ ಇಲ್ಲ ಅನ್ನುತ್ತಾನೆ.

ಅದಕ್ಕೂ ಸ್ವಲ್ಪ ಮೊದಲು, 11ನೇ ವಚನದಲ್ಲಿ, ಇದ್ದ ಸ್ಥಿತಿಯಲ್ಲೇ ಸಂತುಷ್ಟನಾಗಿರುವುದನ್ನು ‘ಕಲಿತುಕೊಂಡಿದ್ದೇನೆ’ ಎಂದಿದ್ದಾನೆ. ತೃಪ್ತಿ ಅವನ ಹುಟ್ಟುಗುಣವಾಗಿರಲಿಲ್ಲ. ಯೇಸುವಿನ ಶಿಷ್ಯರನ್ನು ಸೆರೆಹಿಡಿಯಲು ದಮಸ್ಕದ ದಾರಿಯಲ್ಲಿ ಧಾವಿಸುತ್ತಿದ್ದ ಆ ಮನುಷ್ಯನನ್ನು ನೆನಪಿಸಿಕೊಂಡರೆ ಅದು ಗೊತ್ತಾಗುತ್ತದೆ. ಅಡುಗೆ ಕಲಿತ ಹಾಗೆ, ಈಜು ಕಲಿತ ಹಾಗೆ, ಕೈ ಸುಟ್ಟುಕೊಂಡು, ನೀರು ಕುಡಿದು ಕಲಿತದ್ದು.

13ನೇ ವಚನ ನಿಮಗೆ ಬಾಯಿಪಾಠ ಬಂದೀತು: ‘ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ.’ ಎಸ್‌ಎಸ್‌ಎಲ್‌ಸಿ ಹಾಲ್‌ಟಿಕೆಟ್ ಮೇಲೆ, ಆಟೋ ಹಿಂದೆ ಇದನ್ನು ನೋಡಿದ್ದೇನೆ. ಆದರೆ ಪೌಲ ಅಲ್ಲಿ ಗೆಲ್ಲುವ ಮಾತಾಡುತ್ತಿಲ್ಲ. ಹಿಂದಿನ ವಚನದಲ್ಲಿರುವುದು ಹಸಿದಿರುವುದು, ಹೊಟ್ಟೆ ತುಂಬಿರುವುದು, ಸಮೃದ್ಧಿ, ಕೊರತೆ. ಎರಡನ್ನೂ ತಾಳಿಕೊಳ್ಳುವುದಕ್ಕೆ ಶಕ್ತನಾಗಿದ್ದೇನೆ ಎನ್ನುತ್ತಾನೆ. ಬಡತನವನ್ನು ತಾಳುವುದಕ್ಕೆ ಬಲ ಬೇಕು ಸರಿ. ಸಂಬಳ ಹೆಚ್ಚಾದದ್ದನ್ನು ತಾಳುವುದಕ್ಕೂ ಬೇಕು ಅನ್ನುವುದು ನನಗೆ ತಡವಾಗಿ ತಿಳಿಯಿತು.

ಒಂದು: ವಾರದ ಲೆಕ್ಕ ಬರೆಯಿರಿ

ಸಾಲದಲ್ಲಿ ಮುಳುಗಿದವರಿಗೆ ಮೊದಲು ಹೇಳುವ ಬುದ್ಧಿ ಒಂದೇ: ಖರ್ಚು ಬರೆಯಿರಿ. ಸಮಯಕ್ಕೂ ಅದೇ. ಹಳೇ ಡೈರಿಯೊಂದನ್ನು ತೆಗೆದು ಒಂದು ವಾರ ಪೂರ್ತಿ ಬರೆಯಿರಿ, ಬೆಳಿಗ್ಗೆ ಎದ್ದದ್ದರಿಂದ ಮಲಗುವವರೆಗೆ. ಆಮೇಲೆ ಪ್ರತಿಯೊಂದರ ಪಕ್ಕ ಗುರುತು ಹಾಕಿ. ಮಾಡಲೇಬೇಕಾದದ್ದಕ್ಕೆ ಒಂದು ಗುರುತು, ಪ್ರೀತಿಯಿಂದ ಮಾಡಿದ್ದಕ್ಕೆ ಇನ್ನೊಂದು, ‘ಮಾಡದಿದ್ದರೆ ಯಾರು ಏನಂದುಕೊಳ್ಳುತ್ತಾರೋ’ ಎಂದು ಮಾಡಿದ್ದಕ್ಕೆ ಮೂರನೆಯದು.

ನನ್ನ ಡೈರಿಯಲ್ಲಿ ಮೂರನೆಯ ಗುರುತು ಅತಿ ಹೆಚ್ಚು ಬಿದ್ದದ್ದು ಆಫೀಸಿನ ಕೆಲಸಕ್ಕಲ್ಲ, ಚರ್ಚಿನ ಕೆಲಸಕ್ಕೆ. ಕ್ವಾಯರ್ ಪ್ರಾಕ್ಟೀಸ್, ಮಹಿಳಾ ಕೂಟ, ಬೆಳೆಹಬ್ಬದ ಸಮಿತಿ, ಸಂಡೇ ಸ್ಕೂಲ್ ವಾರ್ಷಿಕೋತ್ಸವ. ಪ್ರತಿಯೊಂದೂ ಒಳ್ಳೆಯದೇ. ಒಬ್ಬಳೇ ನಾಲ್ಕನ್ನೂ ಹೊತ್ತದ್ದು ಮಾತ್ರ ಭಕ್ತಿಯಿಂದಲ್ಲ. ‘ಅವಳಿಲ್ಲದೆ ಏನೂ ನಡೆಯಲ್ಲ’ ಅನ್ನಿಸಿಕೊಳ್ಳುವ ಆಸೆಯಿಂದ. ಬರೆಯುವಾಗ ನಾಚಿಕೆಯಾಯಿತು.

ವಿಮೋಚನಕಾಂಡದ 18ನೇ ಅಧ್ಯಾಯ ಇಲ್ಲಿ ಕೆಲಸಕ್ಕೆ ಬರುತ್ತದೆ. ಇಸ್ರಾಯೇಲ್ಯರ ನಾಯಕ ಮೋಶೆ ಬೆಳಗಿನಿಂದ ಸಂಜೆಯವರೆಗೆ ಕೂತು ಜನರ ವ್ಯಾಜ್ಯ ತೀರಿಸುತ್ತಿದ್ದ. ಮಾವ ಇತ್ರೋ ಬಂದು ಒಂದು ದಿನ ನೋಡಿದ, ‘ನೀನು ಮಾಡುವುದು ಒಳ್ಳೆಯದಲ್ಲ, ನೀನೂ ಸೋಲುತ್ತೀ, ಜನರೂ ಸೋಲುತ್ತಾರೆ’ ಅಂದ. ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ಒಬ್ಬೊಬ್ಬರನ್ನು ನೇಮಿಸು ಎಂದ. ಅಳಿಯ ಮುಖ ದಪ್ಪ ಮಾಡಿಕೊಳ್ಳದೆ ಹಾಗೆಯೇ ಮಾಡಿದ. ದೇವರೊಡನೆ ಮಾತಾಡುತ್ತಿದ್ದ ಮೋಶೆಗೂ ಕೆಲಸ ಹಂಚುವ ಬುದ್ಧಿ ಹೊರಗಿನಿಂದ ಬರಬೇಕಾಯಿತು. ನಿಮ್ಮ ಲೆಕ್ಕದ ಪುಸ್ತಕವನ್ನು ಒಬ್ಬ ಇತ್ರೋಗೆ ತೋರಿಸಿ: ಗಂಡ, ಹೆಂಡತಿ, ಅಕ್ಕ, ಸಭಾಪಾಲಕರು, ಯಾರಾದರೂ. ನನಗೆ ಇತ್ರೋ ಆದವರು ನಮ್ಮ ಅತ್ತೆ. ಫೋನಿನಲ್ಲೇ ಪಟ್ಟಿ ಕೇಳಿ, ‘ಎರಡು ಬಿಡು ಮಗಾ. ನೀನು ಬಿಟ್ಟರೆ ಇನ್ನೊಬ್ಬಳಿಗೆ ಅವಕಾಶ’ ಅಂದರು. ಮೂರನೇ ಗುರುತಿನವುಗಳಲ್ಲಿ ಎರಡನ್ನು ಈ ತಿಂಗಳೇ ಬಿಡಿ. ‘ಈ ಸಲ ಆಗಲ್ಲ’ ಎಂದು ಮೂರೇ ಪದದಲ್ಲಿ ಹೇಳಿ. ಕಾರಣ ವಿವರಿಸಲು ಹೋದರೆ ಮತ್ತೆ ಒಪ್ಪಿಕೊಂಡು ಬರುತ್ತೀರಿ.

ಎರಡು: ಫೋನಿಗಿಂತ ಮೊದಲು ಹತ್ತು ನಿಮಿಷ

ನಸುಕಿನ ನಾಲ್ಕಕ್ಕೆ ಎದ್ದು ಒಂದು ಗಂಟೆ ಮೊಣಕಾಲೂರುವವರ ಸಾಕ್ಷಿ ಕೇಳಿ ಎಷ್ಟೋ ಸಲ ಹುರುಪಿನಿಂದ ಶುರು ಮಾಡಿದ್ದೆ. ನಾಲ್ಕನೇ ದಿನ ಅಲಾರಂ ಬಡಿದು ಮಲಗುತ್ತಿದ್ದೆ, ಐದನೇ ದಿನದಿಂದ ಅಪರಾಧಿ ಭಾವ. ಹತ್ತೇ ನಿಮಿಷ ಇಟ್ಟುಕೊಳ್ಳಿ. ಜಾಗ ಮಾತ್ರ ಗೊತ್ತು ಮಾಡಿಕೊಳ್ಳಿ. ನನ್ನದು ಅಡುಗೆಮನೆಯ ಕಿಟಕಿ ಪಕ್ಕದ ಪ್ಲಾಸ್ಟಿಕ್ ಸ್ಟೂಲು. ಫೋನು ರಾತ್ರಿಯಿಡೀ ಹಾಲಿನಲ್ಲಿ ಚಾರ್ಜಿಗಿರಲಿ. ಅಲಾರಂಗೆ ಹಳೆಯ ಗಡಿಯಾರ ಸಾಕು.

ಒಂದು ಕೀರ್ತನೆ ತೆಗೆದುಕೊಂಡು ಗಟ್ಟಿಯಾಗಿ, ನಿಮ್ಮ ಕಿವಿಗೆ ಬೀಳುವಷ್ಟು, ನಿಧಾನವಾಗಿ ಓದಿ. ಇಂಗ್ಲಿಷಿನಲ್ಲಿ ಓದುವ ಅಭ್ಯಾಸವಿದ್ದರೂ ಇದೊಂದನ್ನು ಕನ್ನಡದಲ್ಲಿ ಓದಿ ನೋಡಿ. ಅಮ್ಮ ಬೈದ ಭಾಷೆಯಲ್ಲಿ ದೇವರ ಮಾತು ಕೇಳಿಸಿದರೆ ಬೇರೆಯೇ ಆಳಕ್ಕೆ ಇಳಿಯುತ್ತದೆ. ಎರಡನೇ ಸಲ ಓದುವಾಗ ಒಂದು ಸಾಲು ತಡೆದು ನಿಲ್ಲಿಸುತ್ತದೆ. ಅಲ್ಲೇ ನಿಲ್ಲಿ, ಮುಂದೆ ಹೋಗಬೇಡಿ. ಆ ಸಾಲನ್ನು ಚೀಟಿಯಲ್ಲಿ ಬರೆದು ಪರ್ಸಿಗೆ ಹಾಕಿ. ಸನ್ಯಾಸಿ ಮಠಗಳಲ್ಲಿ ಶತಮಾನಗಳಿಂದ ನಡೆದುಬಂದ ಓದಿನ ಕ್ರಮ ಇದೇ. ಅವರಿಗೆ ಕುಕ್ಕರ್ ಇಡುವ ಅವಸರ ಇರಲಿಲ್ಲ ಅನ್ನುವುದಷ್ಟೇ ವ್ಯತ್ಯಾಸ.

ಎಲ್ಲಿಂದ ಶುರು ಮಾಡುವುದು ಅಂದರೆ 131ರಿಂದ. ಯೆರೂಸಲೇಮಿಗೆ ಹತ್ತಿ ಹೋಗುವ ಯಾತ್ರಿಕರು ಹಾಡುತ್ತಿದ್ದ ಹದಿನೈದು ಗೀತೆಗಳಲ್ಲಿ ಇದೂ ಒಂದು. ಮೂರೇ ವಚನ. ನಡುವಿನ ವಚನದಲ್ಲಿ, ತಾಯಿಯ ಬಳಿ ಮೊಲೆಬಿಟ್ಟ ಕೂಸಿನ ಹಾಗೆ ನನ್ನ ಮನಸ್ಸನ್ನು ಸಮಾಧಾನಪಡಿಸಿಕೊಂಡಿದ್ದೇನೆ ಎನ್ನುತ್ತಾನೆ ಕೀರ್ತನೆಗಾರ. ಮೊಲೆ ಕುಡಿಯುವ ಕೂಸು ಎಂದಿಲ್ಲ, ಮೊಲೆಬಿಟ್ಟ ಕೂಸು ಎಂದಿದೆ. ಮಗುವಿಗೆ ಎದೆಹಾಲು ಬಿಡಿಸಿದ ತಾಯಂದಿರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ನನ್ನ ಚಿಕ್ಕವನಿಗೆ ಬಿಡಿಸಲು ಬೇವಿನೆಲೆ ಅರೆದು ಹಚ್ಚಿಕೊಂಡಿದ್ದೆ. ಮೂರು ರಾತ್ರಿ ಅವನು ಅತ್ತ, ಜೊತೆಗೆ ನಾನೂ. ಎದೆಗೆ ಗುದ್ದಿದ, ಸೆರಗು ಎಳೆದ. ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಸುಮ್ಮನೆ ಬಂದು ಮಡಿಲಲ್ಲಿ ಕೂತ. ಏನೂ ಬೇಡಲಿಲ್ಲ. ಅಲ್ಲಿಯವರೆಗೆ ಹಾಲಿಗೆ ಬರುತ್ತಿದ್ದವನು ಅವತ್ತು ನನಗಾಗಿ ಬಂದಿದ್ದ.

ಈ ಕೀರ್ತನೆ ಹೇಳುವ ಸಮಾಧಾನ ಅದು, ಅತ್ತು ಮುಗಿದ ಮೇಲೆ ಬರುವಂಥದ್ದು. ಹಾಗಾಗಿ ಮೊದಲ ಕೆಲವು ದಿನ ಈ ಹತ್ತು ನಿಮಿಷ ಹಿತವಾಗಿರುವುದಿಲ್ಲ. ಕೈ ಫೋನಿಗೆ ಹೋಗುತ್ತದೆ, ಮನಸ್ಸು ಬಾಕಿ ಕೆಲಸದ ಪಟ್ಟಿ ಓದುತ್ತದೆ, ‘ಇದರಿಂದ ಏನು ಸಿಕ್ಕಿತು’ ಎಂದು ಕೇಳುತ್ತದೆ. ಬೇವಿನ ದಿನಗಳವು, ಕಳೆಯಲಿ. 131 ಆದ ಮೇಲೆ 23, 127, 46, 62, 103 ಹೀಗೆ ಹೋಗಬಹುದು. ಒಂದೊಂದರಲ್ಲಿ ಒಂದು ವಾರ ಇದ್ದರೂ ಅವಸರವಿಲ್ಲ.

ಮೂರು: ಪ್ರಾರ್ಥನೆಯನ್ನು ಕೆಲಸಕ್ಕೇ ಕಟ್ಟಿ

17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲೈಟ್ ಮಠದಲ್ಲಿ ಸಹೋದರ ಲಾರೆನ್ಸ್ ಎಂಬುವರಿದ್ದರು. ಹಿಂದೆ ಸೈನಿಕರಾಗಿದ್ದವರು, ಗಾಯಗೊಂಡು ಕುಂಟುತ್ತಿದ್ದರು. ಮಠದಲ್ಲಿ ಅವರಿಗೆ ಬಿದ್ದದ್ದು ಅಡುಗೆಮನೆ, ಅದೂ ಅವರಿಗೆ ಇಷ್ಟವಿಲ್ಲದ ಕೆಲಸ. ಪಾತ್ರೆಗಳ ಸದ್ದು, ನಾಲ್ಕು ಜನ ನಾಲ್ಕು ಕಡೆಯಿಂದ ಕೂಗುವುದು, ಇದರ ನಡುವೆಯೂ ದೇವರ ಸನ್ನಿಧಿಯಲ್ಲಿ ಮೊಣಕಾಲೂರಿದಷ್ಟೇ ಶಾಂತಿಯಿಂದ ಇರುತ್ತೇನೆ ಎನ್ನುತ್ತಿದ್ದರು. 1691ರಲ್ಲಿ ತೀರಿಕೊಂಡರು. ಪಾದ್ರಿಯೂ ಅಲ್ಲ, ಪಂಡಿತರೂ ಅಲ್ಲ. ಅಡುಗೆಯವರು ಹೇಳಿದ ಮಾತಾದ್ದರಿಂದ ನನಗೆ ಅದರ ಮೇಲೆ ನಂಬಿಕೆ.

ಅವರಂತೆ ಇಡೀ ದಿನ ದೇವರ ನೆನಪಿನಲ್ಲಿರಲು ನನ್ನಿಂದಾಗಿಲ್ಲ. ಕೊಕ್ಕೆಗಳನ್ನು ಹಾಕಿಕೊಂಡಿದ್ದೇನೆ. ಹೇಗಿದ್ದರೂ ದಿನಾ ನಡೆಯುವ ಸಂಗತಿಗೆ ಒಂದು ಸಾಲಿನ ಪ್ರಾರ್ಥನೆಯನ್ನು ನೇತುಹಾಕುವುದು. ನಮ್ಮನೆಯ ಕುಕ್ಕರ್ ಬೇಳೆಗೆ ಮೂರು ಸಲ ಕೂಗಬೇಕು: ಮೊದಲ ಕೂಗಿಗೆ ದೊಡ್ಡವಳು, ಎರಡನೆಯದಕ್ಕೆ ಚಿಕ್ಕವನು, ಮೂರನೆಯದಕ್ಕೆ ಊರಲ್ಲಿರುವ ಅತ್ತೆ. ಹೆಸರು ಹೇಳಿ ‘ಸ್ವಾಮೀ, ಕಾಪಾಡು’ ಅಂದರೆ ಮುಗಿಯಿತು. ಮೆಟ್ರೋದಲ್ಲಿ ನೇರಳೆ ಮಾರ್ಗ ಹಿಡಿದು ವೈಟ್‌ಫೀಲ್ಡ್ ಕಡೆ ಹೋಗುವಾಗ ಪರ್ಸಿನ ಚೀಟಿ ತೆಗೆಯುತ್ತೇನೆ. ಸ್ಕೂಟರಿನಲ್ಲಿ ಹೋಗುವವರಿಗೆ ಸಿಗ್ನಲ್ಲಿನ ಕೆಂಪು ಅಂಕಿಗಳಿವೆ. 120ರಿಂದ ಇಳಿಯುತ್ತಾ ಬರುವಾಗ ಹಾರ್ನ್ ಮಾಡುವುದಕ್ಕಿಂತ ‘ಕರ್ತನಾದ ಯೇಸುವೇ, ಕರುಣಿಸು’ ಎಂದು ಉಸಿರಿನ ಜೊತೆ ಹೇಳಿಕೊಳ್ಳುವುದು ವಾಸಿ. ಆರ್ಥೊಡಾಕ್ಸ್ ಸಭೆಗಳಲ್ಲಿ ಬಹಳ ಹಳೆಯ ಪ್ರಾರ್ಥನೆ ಅದು, ಮೂಲದಲ್ಲಿ ಇದಕ್ಕಿಂತ ಸ್ವಲ್ಪ ಉದ್ದ. ಕಥೋಲಿಕ ಗೆಳತಿಯೊಬ್ಬಳು ಫೋನಿನಲ್ಲಿ ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರಕ್ಕೆ ಗಂಟೆಯ ಸದ್ದು ಇಟ್ಟುಕೊಂಡಿದ್ದಾಳೆ. ಮಂಗಳೂರಿನಲ್ಲಿ ಇಗರ್ಜಿಯ ಗಂಟೆ ಕೇಳಿ ಎಲ್ಲರೂ ನಿಂತಲ್ಲೇ ನಿಲ್ಲುತ್ತಿದ್ದ ಆ ಹೊತ್ತುಗಳನ್ನು ಬೆಂಗಳೂರಿನ ಆಫೀಸಿಗೆ ಹೊತ್ತು ತಂದಿದ್ದಾಳೆ.

ಒಂದೇ ಕೊಕ್ಕೆಯಿಂದ ಶುರು ಮಾಡಿ. ಮೂರು ವಾರ ಆದ ಮೇಲೆ ಎರಡನೆಯದು.

ನಾಲ್ಕು: ನಾಳೆಯ ಮನ್ನವನ್ನು ಇವತ್ತು ಕೂಡಿಡಬೇಡಿ

ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ದಿನದಿನವೂ ಕೊಟ್ಟ ಆಹಾರವಾದ ಮನ್ನದ ಅಳತೆ ತಲೆಗೆ ಒಂದು ಓಮೆರ್, ಹೆಚ್ಚುಕಡಿಮೆ ಎರಡು ಲೀಟರ್. ಹೆಚ್ಚು ಕೂಡಿಸಿದವರಿಗೆ ಮಿಕ್ಕಲಿಲ್ಲ, ಕಡಿಮೆ ಕೂಡಿಸಿದವರಿಗೆ ಕೊರತೆಯಾಗಲಿಲ್ಲ. ನಾಳೆಗಿರಲಿ ಎಂದು ಬಚ್ಚಿಟ್ಟವರ ಪಾತ್ರೆಯಲ್ಲಿ ಬೆಳಿಗ್ಗೆ ಹುಳ, ನಾತ. ಅದೇ ಮನ್ನ ವಿಶ್ರಾಂತಿ ದಿನವಾದ ಸಬ್ಬತ್ತಿನ ಹಿಂದಿನ ದಿನ ಎರಡರಷ್ಟು ಕೂಡಿಸಿದರೆ ಕೆಡುತ್ತಿರಲಿಲ್ಲ. ಇದನ್ನು ಓದಿ ‘ಹಾಗಾದರೆ ಉಳಿತಾಯ ಮಾಡಬಾರದಾ?’ ಎಂದು ಕೇಳುವವರಿದ್ದಾರೆ. ಮಾಡಿ, ಪಿಪಿಎಫ್ ಕಟ್ಟಿ, ಆರೋಗ್ಯ ವಿಮೆ ಮಾಡಿಸಿ. ಹುಳ ಬೀಳುವುದು ನಾಳೆಯ ಚಿಂತೆಯನ್ನು ಇವತ್ತಿನ ಪಾತ್ರೆಗೆ ತುಂಬಿದಾಗ. ಕರ್ತನ ಪ್ರಾರ್ಥನೆಯಲ್ಲಿ ‘ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು’ ಎಂದು ಬೇಡುತ್ತೇವಲ್ಲ, ಆ ‘ಈ ಹೊತ್ತು’ ಎಂಬುದನ್ನು ಹೇಳುವಾಗ ಒಂದು ಕ್ಷಣ ತಡೆದು ಮುಂದೆ ಹೋಗಿ.

ಮಾಡುವ ವಿಧಾನ ಸರಳ. ರಾತ್ರಿ ತಲೆ ತಿನ್ನುವುದನ್ನೆಲ್ಲ ಒಂದು ಹಾಳೆಯಲ್ಲಿ ಎರಡು ಕಾಲಮ್ ಮಾಡಿ ಬರೆಯಿರಿ: ಈ ಹೊತ್ತಿನದು, ಈ ಹೊತ್ತಿನದಲ್ಲದ್ದು. ನಾಳೆಯ ಶಾಲೆ ಫೀಸು ಮೊದಲನೆಯದು. ಮಗಳಿಗೆ ಹತ್ತು ವರ್ಷದ ಮೇಲೆ ಯಾವ ಕಾಲೇಜು ಅನ್ನುವುದು ಎರಡನೆಯದು. ಎರಡನೇ ಕಾಲಮನ್ನು ಹರಿದು ಮಡಿಸಿ ಸತ್ಯವೇದದೊಳಗೆ ಇಟ್ಟುಬಿಡಿ. ತಿಂಗಳಿಗೊಮ್ಮೆ ತೆಗೆದು ನೋಡಿದರೆ ಅರ್ಧದಷ್ಟು ತಾವಾಗಿಯೇ ಬಿದ್ದುಹೋಗಿರುತ್ತವೆ, ನನ್ನ ಅನುಭವದಲ್ಲಿ.

ಚಿಂತೆಯ ಜೊತೆ ಹೊಟ್ಟೆಕಿಚ್ಚೂ ಬರುತ್ತದೆ. ಹತ್ತು ಆಜ್ಞೆಗಳಲ್ಲಿ ಕೊನೆಯದು ನೆರೆಯವನ ಮನೆ, ಎತ್ತು, ಕತ್ತೆಯನ್ನು ಆಶಿಸಬೇಡ ಎನ್ನುತ್ತದೆ. ಈಗ ಎತ್ತಿನ ಜಾಗದಲ್ಲಿ ಕಾರು, ಕತ್ತೆಯ ಜಾಗದಲ್ಲಿ ಕೆನಡಾಕ್ಕೆ ಹೋದ ಚಿಕ್ಕಪ್ಪನ ಮಗನ ವಾಟ್ಸ್ಆ್ಯಪ್ ಸ್ಟೇಟಸ್. ಆ ಫೋಟೋ ನೋಡಿ ಒಳಗೆ ಚುರ್ ಅಂದಾಗ ಅವರ ಹೆಸರು ಹಿಡಿದು ಆಶೀರ್ವದಿಸಿ, ಬಾಯಿಬಿಟ್ಟು. ‘ಸ್ವಾಮೀ, ಅವನಿಗೆ ಒಳ್ಳೇದು ಮಾಡು.’ ಮೊದಲ ಹತ್ತು ಸಲ ಸುಳ್ಳೇ ಇರುತ್ತದೆ. ಹೇಳುತ್ತಿರಿ.

ಇಲ್ಲಿ ಒಂದು ಎಚ್ಚರಿಕೆ. ‘ಭಕ್ತಿ ಮಾಡಿದರೆ ಕಾರು ಬರುತ್ತದೆ, ಮನೆ ಬರುತ್ತದೆ’ ಎಂಬ ಬೋಧನೆ ನಮ್ಮ ಕೂಟಗಳಲ್ಲಿ ಧಾರಾಳ. 1 ತಿಮೊಥೆಯ 6ರಲ್ಲಿ ಸಂತುಷ್ಟಿಯಿಂದ ಕೂಡಿದ ಭಕ್ತಿಯೇ ದೊಡ್ಡ ಲಾಭ, ಅನ್ನವಸ್ತ್ರ ಇದ್ದರೆ ಸಾಕು ಎಂಬ ಮಾತು ಬರುವುದು ಯಾವುದಕ್ಕೆ ಉತ್ತರವಾಗಿ ಗೊತ್ತೇ? ಅದರ ಹಿಂದಿನ ವಚನದಲ್ಲಿ ಭಕ್ತಿಯನ್ನೇ ಲಾಭದ ದಾರಿ ಎಂದುಕೊಂಡವರನ್ನು ಬೈದಿದೆ. ಹಾಗೆಯೇ ಇನ್ನೊಂದು ತುದಿಯೂ ತಪ್ಪು. ಸಂಬಳ ಹಿಡಿದಿಟ್ಟುಕೊಂಡ ಧಣಿ ‘ಇದ್ದುದರಲ್ಲಿ ತೃಪ್ತಿಯಾಗಿರಮ್ಮ’ ಅಂದರೆ ಅದು ಸುವಾರ್ತೆಯಲ್ಲ. ಕೊಡದೆ ಹಿಡಿದ ಕೂಲಿ ಕೂಗುತ್ತದೆ ಎಂದು ಯಾಕೋಬನ ಪತ್ರದ 5ನೇ ಅಧ್ಯಾಯ ಹೇಳುತ್ತದೆ. ನ್ಯಾಯವಾದ ಸಂಬಳ ಕೇಳಿ, ಓವರ್‌ಟೈಮ್ ಕೇಳಿ. ಕೇಳಿ ಬಂದ ಮೇಲೆ ನಿದ್ದೆ ಮಾಡಿ.

ಐದು: ವಾರಕ್ಕೊಂದು ದಿನ, ಮನೆಯ ಎಲ್ಲರಿಗೂ

ಯೇಸುವನ್ನು ಮನೆಗೆ ಬರಮಾಡಿಕೊಂಡ ಅಕ್ಕತಂಗಿ ಮಾರ್ಥ ಮರಿಯರ ಕಥೆಯ ಮೇಲೆ ನಾನು ಕೇಳಿದ ಪ್ರಸಂಗಗಳೆಲ್ಲ ಗಂಡಸರೇ ಮಾಡಿದವು. ‘ಮಾರ್ಥಳ ಹಾಗೆ ಅಡುಗೆಮನೆಯಲ್ಲೇ ಇರಬೇಡಿ, ಮರಿಯಳ ಹಾಗೆ ಪಾದದ ಬಳಿ ಕೂರಿ’ ಎಂದು ಹೇಳಿ, ಆಮೇಲೆ ಯಾರೋ ಒಬ್ಬ ಮಾರ್ಥಳ ಮನೆಗೆ ಊಟಕ್ಕೆ ಹೋಗುತ್ತಾರೆ. ಲೂಕ 10ನ್ನು ಮತ್ತೆ ಓದಿದರೆ ಯೇಸು ಬೈದದ್ದು ಅಡುಗೆಯನ್ನಲ್ಲ, ಅನೇಕ ವಿಷಯಗಳಿಗಾಗಿ ಕಳವಳಪಡುತ್ತಿದ್ದೀ ಅಂದದ್ದು ಎಂದು ಕಾಣುತ್ತದೆ. ‘ಮಾರ್ಥಳೇ, ಮಾರ್ಥಳೇ’ ಎಂದು ಎರಡು ಸಲ ಕರೆದದ್ದರಲ್ಲಿ ನನಗೆ ಗದರಿಕೆಗಿಂತ ಮುದ್ದು ಹೆಚ್ಚು ಕೇಳಿಸುತ್ತದೆ.

ನಮ್ಮ ಮನೆಗಳಲ್ಲಿ ಭಾನುವಾರ ವಿಶ್ರಾಂತಿಯ ದಿನ ಅನ್ನುತ್ತೇವೆ. ಅಂದು ಮನೆಯಾಕೆಗೆ ಕೋಳಿ ಸುಕ್ಕ, ನೀರುದೋಸೆ, ನೆಂಟರು, ಯೂನಿಫಾರ್ಮ್ ಇಸ್ತ್ರಿ. ಧರ್ಮೋಪದೇಶಕಾಂಡ 5ರಲ್ಲಿ ಸಬ್ಬತ್ತಿನ ಆಜ್ಞೆ ಬಹಳ ಸ್ಪಷ್ಟ: ನೀನು, ನಿನ್ನ ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಪರದೇಶದವನು, ಎಲ್ಲರಿಗೂ ವಿಶ್ರಾಂತಿ, ಯಾಕೆಂದರೆ ಐಗುಪ್ತದಲ್ಲಿ ನೀನೂ ದಾಸನಾಗಿದ್ದೆ. ಹಾಗಾಗಿ ಮನೆಕೆಲಸಕ್ಕೆ ಬರುವಾಕೆಗೂ ಆ ದಿನ ಸಂಬಳ ಸಹಿತ ರಜೆ ಕೊಡಬೇಕು. ಪಾತ್ರೆ? ಗಂಡ, ಮಕ್ಕಳು, ಎಲ್ಲರ ಕೈ. ನಮ್ಮ ಮನೆಯವರು ಮೊದಲ ಭಾನುವಾರ ಸೀದು ಹೋದ ಬಾಣಲೆಯನ್ನು ಅರ್ಧ ಗಂಟೆ ತಿಕ್ಕಿ, ‘ಇದು ದಿನಾ ಹೀಗೇನಾ?’ ಎಂದು ಕೇಳಿದರು.

ಶನಿವಾರ ಸಂಜೆಯೇ ಹಿಟ್ಟು ರುಬ್ಬಿ, ಸಾರು ಮಾಡಿ ಫ್ರಿಜ್ಜಿಗಿಡಿ. ಮಧ್ಯಾಹ್ನಕ್ಕೆ ಅನ್ನ, ಸಾರು, ಮೊಟ್ಟೆ ಸಾಕು. ಫೋನುಗಳು ಬೀರುವಿನಲ್ಲಿರಲಿ, ಊರಿಗೆ ಮಾತಾಡುವುದಿದ್ದರೆ ತೆಗೆದು ಮಾತಾಡಿ ಮತ್ತೆ ಒಳಗಿಡಿ. ನರ್ಸುಗಳು, ಪೊಲೀಸರು, ಶಿಫ್ಟಿನವರು ಭಾನುವಾರ ಡ್ಯೂಟಿ ಬಿದ್ದರೆ ವಾರದ ಇನ್ನೊಂದು ಅರ್ಧ ದಿನ ಹಿಡಿಯಿರಿ, ಅದನ್ನು ಮನೆಯವರಿಗೆಲ್ಲ ಹೇಳಿಡಿ. ಮಾರ್ಕ 6ರಲ್ಲಿ ಊಟಕ್ಕೂ ಬಿಡುವಿಲ್ಲದ ಶಿಷ್ಯರನ್ನು ಯೇಸು ಅಡವಿಯ ಸ್ಥಳಕ್ಕೆ ‘ಸ್ವಲ್ಪ ದಣಿವಾರಿಸಿಕೊಳ್ಳಿ’ ಎಂದು ಕರೆದೊಯ್ದ. ಜನ ಅಲ್ಲಿಗೂ ಓಡಿ ಬಂದರು. ಎಲ್ಲ ವಾರವೂ ಕೈಗೂಡುವುದಿಲ್ಲ ಅಂತ ಅದನ್ನು ಓದಿದರೆ ತಿಳಿಯುತ್ತದೆ.

ಆರು: ರಾತ್ರಿ ಪುಸ್ತಕ ಮುಚ್ಚುವುದು

ನಾವು ಚಿಕ್ಕವರಿದ್ದಾಗ ಅಜ್ಜಿಯ ಮನೆಯಲ್ಲಿ ಊಟಕ್ಕೆ ಮೊದಲು ಮನೆ ಪ್ರಾರ್ಥನೆ. ಚಾಪೆ ಹಾಸಿ, ಒಂದು ಗೀತೆ, ಒಂದು ಭಾಗ ಓದು, ಪ್ರತಿಯೊಬ್ಬರೂ ಒಂದು ಸ್ತೋತ್ರ ಹೇಳಬೇಕು. ‘ಈ ದಿನಕ್ಕಾಗಿ ಸ್ತೋತ್ರ’ ಎಂದು ಜಾರಿಕೊಳ್ಳಲು ಅಜ್ಜಿ ಬಿಡುತ್ತಿರಲಿಲ್ಲ. ‘ದಿನದಲ್ಲಿ ಯಾವುದು? ಹೆಸರು ಹೇಳು’ ಅನ್ನುತ್ತಿದ್ದರು. ಒಮ್ಮೆ ನನ್ನ ತಮ್ಮ ‘ಬಾಳೆಹಣ್ಣಿಗಾಗಿ ಸ್ತೋತ್ರ, ಅಕ್ಕ ನೋಡಲಿಲ್ಲ’ ಅಂದ.

ಅದನ್ನೇ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಮಾಡುತ್ತೇನೆ. ದಿನಕ್ಕೆ ಮೂರು, ಹೆಸರು ಹಿಡಿದು. ‘ಕುಟುಂಬಕ್ಕಾಗಿ’ ಎಂದು ಬರೆಯುವುದಿಲ್ಲ. ‘ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸಿನಲ್ಲಿ ಸೀಟು ಬಿಟ್ಟ ಹುಡುಗ’ ಎಂದು ಬರೆಯುತ್ತೇನೆ. ಇಗ್ನೇಷಿಯಸ್ ಲೊಯೋಲಾ 16ನೇ ಶತಮಾನದಲ್ಲಿ ತಮ್ಮ ಜೆಸ್ವಿಟ್ ಸಂಘದವರಿಗೆ ಕಲಿಸಿದ ದಿನದ ಆತ್ಮಪರಿಶೋಧನೆಯೂ ಕೃತಜ್ಞತೆಯಿಂದಲೇ ಶುರುವಾಗುತ್ತದೆ, ತಪ್ಪಿನ ಲೆಕ್ಕ ಆಮೇಲೆ. ಸ್ತೋತ್ರ ಬರೆದ ಮೇಲೆ ದಿನವನ್ನು ಬೆಳಗಿನಿಂದ ಸಿನಿಮಾ ರೀಲಿನ ಹಾಗೆ ನಿಧಾನ ಓಡಿಸಿ, ಎಲ್ಲಿ ಎಡವಿದೆ ನೋಡಿ, ಕ್ಷಮೆ ಕೇಳಿ, ನಾಳೆಗೆ ಬೇಕಾದ ಒಂದು ಸಹಾಯ ಬೇಡಿ. ಐದು ನಿಮಿಷದ ಕೆಲಸ. ಆಮೇಲೆ ಮಲಗಿ. ಬಿರುಗಾಳಿಯ ನಡುವೆ ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಯೇಸು ನಿದ್ದೆಹೋಗಿದ್ದನ್ನು ಮಾರ್ಕ ಬರೆದಿಟ್ಟಿದ್ದಾನೆ, ದಿಂಬನ್ನೂ ಬಿಡದೆ.

ಏಳು: ಕೈ ತುಸು ಬಿಚ್ಚಿ

ಇದು ಚಿಕ್ಕ ಹೆಜ್ಜೆ, ಬೇಗ ಹೇಳುತ್ತೇನೆ. ತಿಂಗಳ ಸಂಬಳ ಬಂದ ದಿನವೇ, ಇಎಂಐ ಕಡಿತಕ್ಕೂ ಮೊದಲು, ಒಂದು ಪಾಲು ಬೇರೆ ಮಾಡಿ. ದಶಮಾಂಶವೋ ಅದಕ್ಕಿಂತ ಕಡಿಮೆಯೋ ನಿಮ್ಮ ಮನಸ್ಸಾಕ್ಷಿ ನೋಡಿಕೊಳ್ಳಲಿ. ಅದರಲ್ಲಿ ಸ್ವಲ್ಪ ಸಭೆಯ ಡಬ್ಬಿಗೆ, ಸ್ವಲ್ಪ ಹೆಸರು ಗೊತ್ತಿರುವ ಒಬ್ಬರ ಕೈಗೆ, ಸದ್ದಿಲ್ಲದೆ. ಬೆಳೆಹಬ್ಬದ ಹರಾಜಿನಲ್ಲಿ ಮಾರುಕಟ್ಟೆಯಲ್ಲಿ ನಲವತ್ತು ರೂಪಾಯಿಗೆ ಸಿಗುವ ಕುಂಬಳಕಾಯಿಯನ್ನು ಸಾವಿರಕ್ಕೆ ಕೂಗಿ, ಗೆದ್ದವರು ಅದನ್ನು ಮತ್ತೆ ಹರಾಜಿಗೇ ಇಡುವುದನ್ನು ನೋಡಿದ್ದೀರಲ್ಲ? ಆ ಹೊತ್ತಿನಲ್ಲಿ ಆ ಜನರ ಮುಖ ಗಮನಿಸಿ. ದಕ್ಷಿಣ ಕನ್ನಡದ ಕಥೋಲಿಕರು ಸೆಪ್ಟೆಂಬರ್ 8ರ ಮೊಂತಿ ಫೆಸ್ತಿನಂದು ಹೊಸ ತೆನೆಯನ್ನು ಆಶೀರ್ವದಿಸಿ ತಂದು, ಮನೆಮಂದಿ ಎಲ್ಲ ಒಟ್ಟಿಗೆ ಕೂತು ಹೊಸ ಅಕ್ಕಿಯನ್ನು ಉಣ್ಣುವಾಗಲೂ ಅದೇ ಮುಖ.

ಇಷ್ಟೂ ಮಾಡಿ ಆಗದಿದ್ದರೆ

ಆಗದ ದಿನಗಳು ಬರುತ್ತವೆ. ಕಾರ್ಮೆಲ್ ಬೆಟ್ಟದ ಮೇಲೆ ಬಾಳನ ಪ್ರವಾದಿಗಳನ್ನು ಗೆದ್ದ ಪ್ರವಾದಿ ಎಲೀಯನೇ ಕೆಲವು ದಿನಗಳಲ್ಲಿ ಅಡವಿಯ ಗಿಡವೊಂದರ ಕೆಳಗೆ ಕೂತು ‘ಸಾಕು ಸ್ವಾಮೀ, ನನ್ನ ಪ್ರಾಣ ತೆಗೆ’ ಅಂದ. 1 ಅರಸು 19. ಅದು ‘ಸಾಕಾಯ್ತು’ ಎಂಬ ಸಾಕು. ದೇವರು ಅವನಿಗೆ ನಂಬಿಕೆಯ ಮೇಲೆ ಪಾಠ ಮಾಡಲಿಲ್ಲ. ಮಲಗಲು ಬಿಟ್ಟ. ದೂತ ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟ. ಉಂಡು ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ ಮತ್ತೆ ಉಣಿಸಿದ. ಮಾತುಕತೆ ನಲವತ್ತು ದಿನ ಬಿಟ್ಟು. ಸಾಕುವುದು ಅಂದರೆ ಇದೇ ಅಲ್ಲವೇ?

ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆಯಿಲ್ಲ, ಹಸಿವಿಲ್ಲ, ಯಾವುದರಲ್ಲೂ ರುಚಿಯಿಲ್ಲ ಅನ್ನುವಂತಾದರೆ ಅದು ನಿಮ್ಮ ಭಕ್ತಿಯ ಕೊರತೆ ಎಂದು ಯಾರೇ ಹೇಳಿದರೂ ನಂಬಬೇಡಿ. ವೈದ್ಯರ ಬಳಿ ಹೋಗಿ. ಹೊರಗೆ ಹೋಗಲು ಆಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. 2022ರಿಂದ ನಡೆಯುತ್ತಿದೆ, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ನನಗೂ ಅಂಥ ಒಂದು ಮಳೆಗಾಲ ಬಂದಿತ್ತು. ಪ್ರಾರ್ಥನಾ ಗುಂಪಿನ ಒಬ್ಬರು ಮಾತ್ರೆ ಬೇಡ, ಉಪವಾಸ ಮಾಡು ಅಂದರು. ಅತ್ತೆ ಊರಿನಿಂದ ಬಸ್ಸು ಹತ್ತಿ ಬಂದು ಹದಿನೈದು ದಿನ ಗಂಜಿ ಮಾಡಿ ಹಾಕಿದರು, ಡಾಕ್ಟರ ಬಳಿ ಜೊತೆಗೆ ಬಂದರು. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ಮಾತ್ರೆ. ಮರೆತುಹೋಗದಿರಲೆಂದು ಮಾತ್ರೆಯ ಪಟ್ಟಿಯನ್ನು ಸತ್ಯವೇದದಲ್ಲೇ ಇಟ್ಟಿದ್ದೆ, 131ನೇ ಕೀರ್ತನೆಯ ಪುಟದಲ್ಲಿ. ಅದರ ಅಂಚು ಒತ್ತಿ ಮೂಡಿದ ಗೆರೆ ಆ ಹಾಳೆಯಲ್ಲಿ ಈಗಲೂ ಇದೆ.